ಮೂರನೆಯ ಭಾಗದ ಉದಾಹರಣೆ

ಏಪ್ರಿಲ್ ನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಮಗಳ ತಂದೆಯವರಿಗೆ,

ನಾವಿಬ್ಬರೂ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಇಪ್ಪತ್ತೆರಡು ವರ್ಷ ವಿಚಾರಿಸದವಳು ಇವತ್ತು ಕೇಳಿದರೆ ನಿಮಗೂ ನಗು ಬಂದೀತು. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ, ತಿದ್ದುವುದು ನಿಮ್ಮ ಕಸುಬೇ ತಾನೇ.

ತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ನಿಮ್ಮ ವಿಭಾಗಕ್ಕೆ ಅರ್ಜಿ ಹಾಕಿದ ಹುಡುಗಿಯೊಬ್ಬಳ ಪ್ರಬಂಧವನ್ನು ನೀವು ಬಹಳ ಮೆಚ್ಚಿದಿರಿ. ಏನೂ ತಿಳಿಯದ ಕೂಸಿಗೆ ಕೊಟ್ಟ ಮಾತನ್ನು ಮುರಿದರೆ, ಅದೂ ಮಾತು ಮುರಿದಂತೆಯೇ ಅಲ್ಲವೇ ಎಂದು ಕೇಳುವ ಪ್ರಬಂಧ. ಕಂಪ್ಯೂಟರಿನಲ್ಲಿ ಅವಳ ಸಂದರ್ಶನ ಮಾಡಿದಿರಿ. ನಾನೇ ಗೈಡ್ ಆಗುತ್ತೇನೆ, ಬನ್ನಿ ಎಂದು ಪತ್ರವನ್ನೂ ಬರೆದಿರಿ. ಆ ಹುಡುಗಿ ನಮ್ಮ ಮಗಳು. ನೀವಿಟ್ಟ ಹೆಸರನ್ನು ನಾನು ಶಾಲೆಯಲ್ಲಿ ಬರೆಸಲಿಲ್ಲ, ಇನಿಷಿಯಲ್ಲೂ ನನ್ನಪ್ಪನದೇ. ಅದಕ್ಕೇ ನಿಮಗೆ ತಿಳಿಯಲಿಲ್ಲ. ನಿಮ್ಮ ಹೆಸರನ್ನಾಗಲಿ ಕೆಲಸವನ್ನಾಗಲಿ ಅವಳಿಂದ ನಾನು ಮುಚ್ಚಿಟ್ಟಿರಲಿಲ್ಲ. ಅವಳು ತಿಳಿದೇ ಅರ್ಜಿ ಹಾಕಿದಳು.

ಸಂದರ್ಶನದ ದಿನ ಆಸ್ಪತ್ರೆಯ ಲಾಂಡ್ರಿಗೆ ಅರ್ಧ ದಿನ ರಜೆ ಹಾಕಿ ಬಂದು ಬಾಗಿಲ ಈಚೆ ನಿಂತಿದ್ದೆ. ನಿಮ್ಮ ದನಿ ಸ್ವಲ್ಪ ಒರಟಾಗಿದೆ. ಅವಳನ್ನು ಬಹುವಚನದಲ್ಲಿ ಮಾತಾಡಿಸಿದಿರಿ. ಅವಳ ಹಣೆ ನಿಮ್ಮದು, ಯೋಚಿಸುವಾಗ ಕಿವಿ ಹಿಡಿದುಕೊಳ್ಳುವ ಚಾಳಿಯೂ ನಿಮ್ಮದೇ. ಮುಗಿಸಿ ಹೊರಗೆ ಬಂದವಳು, "ಗುರುತು ಸಿಗಲಿಲ್ಲಮ್ಮ ಅವರಿಗೆ," ಎಂದು ನನ್ನ ಕೈಯಲ್ಲಿ ಆರಿಹೋಗಿದ್ದ ಟೀ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು.

ಆಮೇಲೆ ನಿಮ್ಮ ಪತ್ರ ಬಂತು. ನನಗೂ ಓದಿ ಹೇಳಿದಳು. ವಾದ ಗಟ್ಟಿಯಾಗಿದೆ, ಮೂರನೆಯ ಭಾಗದ ಉದಾಹರಣೆ ಮಾತ್ರ ಕಟ್ಟುಕಥೆಯಂತಿದೆ, ಬದುಕಿನಿಂದ ಒಂದನ್ನು ಆರಿಸಿಕೊಳ್ಳಿ ಎಂದಿದ್ದಿರಿ. ಆ ಉದಾಹರಣೆಯಲ್ಲಿ ಜ್ವರ ಬಂದ ಕೂಸಿಗೆ ಔಷಧಿ ತರಲು ಹೊರಟ ಅಪ್ಪ, ತೊಟ್ಟಿಲ ಮೇಲೆ ಬಗ್ಗಿ "ಈಗ ಬಂದೆ ಕಂದಾ" ಎಂದು ಹೋದವನು ಬರುವುದೇ ಇಲ್ಲ. ಮಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ, "ಅಲ್ಲಿಗೇ ಹೋಗ್ತೀನಮ್ಮ. ಅವರಿಗೆ ನೆನಪಾಗೋವರೆಗೂ ಎದುರಿಗೆ ಕೂತು ಆ ಮೂರನೇ ಭಾಗಾನೇ ಬರೀತೀನಿ," ಅಂದಳು.

ಇನ್ನೊಂದು ಕಡೆಯೂ ಅವಳಿಗೆ ಸೀಟು ಸಿಕ್ಕಿದೆ. ದೂರ, ಎರಡು ರೈಲು ಬದಲಿಸಬೇಕು. ಆದರೆ ಅವಳ ವಿಷಯ ಬಲ್ಲವರು ಅಲ್ಲಿ ಮೂವರಿದ್ದಾರೆ. ನಿಮ್ಮಲ್ಲಿ ನೀವೊಬ್ಬರೇ, ನಿಮಗೂ ಇನ್ನೆರಡು ವರ್ಷಕ್ಕೆ ನಿವೃತ್ತಿ. ನಿಮ್ಮ ಕೈಕೆಳಗೆ ಓದುವ ಹುಡುಗಿಗೆ ಮಗಳು ಫೋನು ಮಾಡಿ ವಿಚಾರಿಸಿದರೆ, "ಸರ್ ಒಳ್ಳೇವರೇ. ಆದ್ರೆ ಕೊಟ್ಟ ಅಧ್ಯಾಯ ವಾಪಸ್ ಬರೋ ಹೊತ್ತಿಗೆ ಅದರಲ್ಲೇನಿತ್ತು ಅಂತ ನಮಗೇ ಮರ್ತಿರುತ್ತೆ," ಎಂದಳಂತೆ. ಇದನ್ನೆಲ್ಲ ನನಗೆ ಹೇಳಿದವಳು ಮಗಳೇ. ಹಗಲು ಕಂಡ ಬಾವಿಗೆ ರಾತ್ರಿ ಬೀಳುತ್ತೇನೆ ಎನ್ನುವವಳಿಗೆ ಏನು ಹೇಳಲಿ? ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕು.

ಲಾಂಡ್ರಿಯಲ್ಲಿ ನನ್ನ ಜೊತೆ ಹಾಸಿಗೆಬಟ್ಟೆ ಮಡಿಸುವವಳು, "ತತ್ವ ಕಲಿಯೋಕೆ ಐದು ವರ್ಷ ಯಾಕಕ್ಕಾ? ನಮ್ಮ ಯಜಮಾನರು ಎರಡು ಲೋಟ ಹಾಕಿದ್ರೆ ಪುಕ್ಕಟೆ ಹೇಳ್ತಾರೆ," ಎಂದು ನಗಿಸುತ್ತಾಳೆ. ನಾನೂ ನಗುತ್ತೇನೆ. ದೇವರಿದ್ದಾನೋ ಇಲ್ಲವೋ ಎಂದು ವಾದ ಮಾಡುವ ಓದು ಅಂತಾರೆ. ಮಾಡಲಿ, ಅವನೇನು ವಾದಕ್ಕೆ ಹೆದರುವವನಲ್ಲ. ನನಗೆ ಹೆದರಿಕೆ ಇರುವುದು ಅವಳೊಳಗಿನ ಹಗೆಯ ಬಗ್ಗೆ. ಅದನ್ನೇ ಓದು ಅಂದುಕೊಂಡು ಅವಳು ಐದು ವರ್ಷ ಸುಟ್ಟುಕೊಳ್ಳುತ್ತಾಳೆ.

ಈಗ ಅವಳಿಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ನೀವು ಹೇಳಿದ್ದು ಸರಿ. ಅದು ಕಟ್ಟುಕಥೆಯೇ, ಕಟ್ಟಿದವಳು ನಾನು. ಕೂಸಿಗೆ ಅವತ್ತು ಜ್ವರವಿರಲಿಲ್ಲ. ನೀವು ಊಟ ಮುಗಿಸಿ, ಕೈ ತೊಳೆದು, ಪುಸ್ತಕದ ಚೀಲ ಹೆಗಲಿಗೇರಿಸಿ ಹೊರಟಿರಿ. ಯಾರಿಗೂ ಏನೂ ಹೇಳಲಿಲ್ಲ. ಮುಂದೆ ಐದು ವರ್ಷದವಳಾದ ಮಗು "ಹೋಗುವಾಗ ಅಪ್ಪ ನಂಗೆ ಏನಂದ್ರು?" ಎಂದು ಕೇಳಿದಾಗ, ಏನೂ ಅನ್ನಲಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಕೇಳಿದ ಮಗುವಿನ ಕೈಗೆ ಏನಾದರೂ ಇಡಬೇಕಲ್ಲ. ಅದರ ಲೆಕ್ಕ ದೇವರಿಗೆ ಕೊಟ್ಟುಕೊಳ್ಳುತ್ತೇನೆ, ನಿಮಗಲ್ಲ.

ನಿಜವನ್ನು ನಾನೇ ಅವಳಿಗೆ ಹೇಳಬಹುದು. ಆದರೆ ಅವಳು ಅದರ ಮೇಲೆ ಇಷ್ಟೆಲ್ಲ ಕಟ್ಟಿ ನಿಲ್ಲಿಸಿದ್ದಾಳೆ, ಬುಡಕ್ಕೇ ಕೊಡಲಿ ಹಾಕಿದಂತಾಗುತ್ತದೆ. ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ಅವಳಿಗೆ ಒಂದು ಸಾಲು ಬರೆಯಿರಿ. ನೀನು ಯಾರೆಂದು ಗೊತ್ತಾಯಿತು, ಹಾಗೆ ಹೇಳಿ ಹೋದದ್ದು ನಿಜ, ಉಳಿಸಿಕೊಳ್ಳಲಿಲ್ಲ ಎಂದು. ಕ್ಷಮೆ ಕೇಳಬೇಡಿ, ಮನೆಗೆ ಬರಬೇಡಿ. ಅಷ್ಟು ಸಿಕ್ಕರೆ ಅವಳು ನಿಮ್ಮೆದುರು ಬಂದು ಕೂರಬೇಕಾಗಿಲ್ಲ, ತನಗೆ ಒಳ್ಳೆಯದಾದ ಕಡೆಗೆ ಹೋಗುತ್ತಾಳೆ. ಸುಳ್ಳು ಬರೆಯುವುದು ಹೇಗೆ ಎಂದು ಹಿಂಜರಿಯಬೇಡಿ. ನಿಜ ಹೇಳುವ ಹೊತ್ತು ನಿಮಗೆ ಎಂದೋ ಬಂದು ಹೋಯಿತು.

ಇಂತಿ,
ನಿಮ್ಮಿಂದ ಏನನ್ನೂ ಕೇಳದೆ ಇದ್ದವಳು

ತಾ.ಕ.: ಗುರುವಾರ. ವಿಳಾಸಕ್ಕೆಂದು ನಿಮ್ಮ ಪತ್ರ ಎಲ್ಲಿದೆ ಎಂದು ಸೋಮವಾರ ಅವಳನ್ನು ಕೇಳಿದೆ. ಯಾಕೆ ಅಂದಳು. ಇನ್ನೊಂದು ಸುಳ್ಳು ಹುಟ್ಟಲಿಲ್ಲ, ಎಲ್ಲ ಹೇಳಿಬಿಟ್ಟೆ. "ಹೋಗುವಾಗ ತೊಟ್ಟಿಲ ಕಡೆ ನೋಡಿದ್ರಾ?" ಎಂದು ಕೇಳಿದಳು. ಇಲ್ಲ ಅಂದೆ. "ಹಾಗಾದ್ರೆ ಅವರು ಮಾತೇ ಕೊಟ್ಟಿಲ್ಲ. ಕಾಯೋಕೆ ಏನಿದೆ?" ಎಂದು ಎದ್ದುಹೋಗಿ ದೂರದವರಿಗೆ ಒಪ್ಪಿಗೆ ಕಳಿಸಿದಳು, ನಿಮ್ಮವರಿಗೆ ಬೇಡವೆಂದು ಬರೆದಳು. ನಾನು ಬೇಡಿದ್ದು ಹೀಗೆ ನಡೆಯಿತು. ಆಗಿನಿಂದ ನನ್ನ ಜೊತೆ ಮಾತಿಲ್ಲ. ತಾನೇ ಬಡಿಸಿಕೊಂಡು ಕೋಣೆಯಲ್ಲಿ ಉಣ್ಣುತ್ತಾಳೆ. ಲಕೋಟೆಯ ಮೇಲಿನ ವಿಳಾಸ ಮಾತ್ರ ಅವಳೇ ಬರೆದುಕೊಟ್ಟಳು. ಇನ್ನು ನೀವು ಯಾವ ಸಾಲನ್ನೂ ಬರೆಯಬೇಕಾಗಿಲ್ಲ. ಅಷ್ಟು ಮೆಚ್ಚಿದ ಹುಡುಗಿ ಯಾಕೆ ಬರಲಿಲ್ಲ ಎಂದು ನೀವು ತಲೆ ಕೆಡಿಸಿಕೊಳ್ಳಬಾರದಲ್ಲ, ಅದಕ್ಕೆ ಕಳಿಸುತ್ತಿದ್ದೇನೆ.