ಪರಮಣ್ಣ, ನಿನ್ನ ಮಷೀನು ದೇವದುರ್ಗದಲ್ಲಿದೆ

ಮಾನ್ವಿ, 1979

ರಾಯಚೂರಿನ ರೈಸ್ ಮಿಲ್ ಸಾಹುಕಾರರ ಮಗ ಪರಮಣ್ಣನಿಗೆ,

ರೇಡಿಯೋ ರಿಪೇರಿ ಗುಲಾಮ್ ದಸ್ತಗೀರರ ಮಗಳು ಅಸ್ಮತ್ ಬರೆಯುವುದು. ಇಷ್ಟು ವರ್ಷ ನಿನಗೆ ನೀವು ಅಂದೆ, ಅಣ್ಣ ಅಂದೆ. ಎರಡನ್ನೂ ಇವತ್ತಿಗೆ ವಾಪಸು ತೆಗೆದುಕೊಂಡಿದ್ದೇನೆ. ನಿನ್ನ ಗಿಟಾರಿನ ದನಿ ದೊಡ್ಡದು ಮಾಡುವ ಮಷೀನು ಮುಗಿಯಿತು. ಹೈದರಾಬಾದಿನ ಹೋಟೆಲಿನವರು ನಿನ್ನ ಜಾಜ್ ಕೇಳಿ ಕೆಲಸ ಕೊಡುವುದೋ ಬೇಡವೋ ಹೇಳುವ ದಿನ ಹತ್ತಿರ ಬಂತೆಂದು ಆಳಿನ ಮೇಲೆ ಆಳು ಕಳಿಸುತ್ತಿದ್ದೀಯಲ್ಲ, ಅದಕ್ಕೇ ಈ ಪತ್ರ. ಮಷೀನು ನಮ್ಮ ಅಂಗಡಿಯಲ್ಲಿಲ್ಲ.

ನೀನು ಮೊದಲ ಸಲ ಬಂದಾಗ ಅಬ್ಬಾ ನಕ್ಕಿದ್ದರು. ಅಂಗಡಿ ತುಂಬ ಹೊಸ ಟ್ರಾನ್ಸಿಸ್ಟರ್ ಇದ್ದರೂ ನೀನು ಕೈ ತೋರಿಸಿದ್ದು ಅಟ್ಟದ ಮೇಲಿನ ಹಳೇ ವಾಲ್ವ್ ರೇಡಿಯೋಗಳ ಕಡೆ. "ಚಾಚಾ, ದನಿ ಚೀರಬಾರದು. ಉಂಡು ಕುಂತ ಮನುಷ್ಯಾ ಮಾತಾಡಿದಂಗ ಇರಬೇಕು" ಅಂದೆ. ಆ ಒಂದು ಮಾತಿಗೆ ಅಬ್ಬಾ ಮರುಳಾದರು. ಊರಿನ ಸತ್ತ ರೇಡಿಯೋಗಳನ್ನೆಲ್ಲ ಬೇಡಿ ತಂದು, ಜೀವವಿದ್ದ ವಾಲ್ವುಗಳನ್ನು, ಆ ಗಾಜಿನ ಬುರುಡೆಗಳನ್ನು, ನಿನಗಾಗಿ ತೆಗೆದಿಟ್ಟರು. ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತಿದವಳು ನಾನು. ಕೂದಲಿನಷ್ಟು ಸಣ್ಣ ತಂತಿ. ಕೆಮ್ಮು ಬಂದರೂ ತಡೆದುಕೊಂಡು ಸುತ್ತಬೇಕು. ನೀನು ಕುರ್ಚಿಯ ಮೇಲೆ ಕೂತು ಗಿಟಾರ್ ಒರೆಸುತ್ತಿದ್ದೆ. ಹೆತ್ತ ತಾಯಿಯ ಮುಖವನ್ನೂ ನೀನು ಅಷ್ಟು ಜತನದಿಂದ ಒರೆಸಿರಲಾರೆ.

ಅಬ್ಬಾನ ಪದ್ಧತಿ ನಿನಗೆ ಗೊತ್ತಿತ್ತು. ಚಾಲೂ ಇದ್ದ ಮಷೀನಿನೊಳಗೆ ಬಲಗೈ ಹೋದರೆ ಎಡಗೈ ಬೆನ್ನ ಹಿಂದೆ. "ಒಂದ ಕೈ ತಾಕಿದ್ರ ಜುಮ್ ಅಂತದ. ಎರಡೂ ಕೈ ಕೊಟ್ರ ಎದಿ ಕೊಟ್ಟಂಗ" ಎಂದು ನಿನಗೂ ಹೇಳಿದ್ದರು. ನೀನು ಅವರನ್ನು ಅಣಕಿಸಿ, ಎಡಗೈ ಬೆನ್ನಿಗಿಟ್ಟು ಚಹಾ ಕುಡಿದು ತೋರಿಸಿದ್ದೆ. ನಾವೂ ನಕ್ಕೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಆಗ ತಿಳಿಯಲಿಲ್ಲ.

ಆ ದಿನ ಗಿಟಾರಿನ ವೈರನ್ನು ಮಷೀನಿಗೆ ಸಿಕ್ಕಿಸಲಾಗಿತ್ತು. ಗೊರಗೊರ ಶಬ್ದ ಎಲ್ಲಿಂದ ಎಂದು ಅಬ್ಬಾ ಒಳಗೆ ಬಲಗೈ ಹಾಕಿ ಹುಡುಕುತ್ತಿದ್ದರು. ನಿನಗೆ ಸಿಗರೇಟು ಹಚ್ಚಬೇಕಾಗಿತ್ತು. ಗಿಟಾರನ್ನು ನೆಲಕ್ಕಿಡಲು ಮನಸ್ಸು ಬರಲಿಲ್ಲ. "ಚಾಚಾ, ಇದನ್ನಷ್ಟ ಹಿಡೀರಿ" ಅಂದೆ. ಸಾಹುಕಾರರ ಮಗ ಏನಾದರೂ ಕೊಟ್ಟರೆ ಅಬ್ಬಾನ ಕೈ ತಾನಾಗಿಯೇ ಮುಂದೆ ಬರುತ್ತಿತ್ತು. ಎಡಗೈ ಬಂತು, ಗಿಟಾರಿನ ಉಕ್ಕಿನ ತಂತಿಗಳನ್ನು ಹಿಡಿಯಿತು. ಆ ತಂತಿಗಳಿಗೂ ಮಷೀನಿನ ತಗಡಿಗೂ ವೈರಿನಿಂದ ಸಂಬಂಧ ಇತ್ತು. ಕರೆಂಟು ಬಲಗೈಯಿಂದ ಹೊಕ್ಕು, ಎದೆ ದಾಟಿ, ಎಡಗೈಯಿಂದ ಹೋಯಿತು. ಅಬ್ಬಾ ಗಿಟಾರಿನ ಸಮೇತ ನೆಲಕ್ಕೆ ಬಿದ್ದರು.

ಅಷ್ಟನ್ನು ನಾನು ಕ್ಷಮಿಸುತ್ತಿದ್ದೆ. ನೀನು ಮೈಮರೆತು ಕೊಟ್ಟೆ, ಅವರು ಮೈಮರೆತು ಹಿಡಿದರು. ಆದರೆ ನಾನು ಓಡಿಹೋಗಿ ಸ್ವಿಚ್ ಆರಿಸಿ ತಿರುಗಿದಾಗ ನೀನು ನೆಲಕ್ಕೆ ಬಾಗಿದ್ದೆ. ಅಬ್ಬಾನನ್ನು ಎತ್ತುತ್ತಿದ್ದೀಯ ಅಂದುಕೊಂಡೆ. ನೀನು ಗಿಟಾರ್ ಎತ್ತಿದೆ. ಬೆಳಕಿಗೆ ಹಿಡಿದು, ಎಲ್ಲಿಯಾದರೂ ಸೀಳು ಬಿಟ್ಟಿದೆಯೋ ಎಂದು ತಿರುವಿ ತಿರುವಿ ನೋಡಿದೆ. ಅಬ್ಬಾನ ಕಡೆ ನೋಡಿದ್ದು ಆಮೇಲೆ. ಮಣ್ಣು ಮಾಡಿದ ಮೂರನೆಯ ದಿನ, ಜಿಯಾರತ್‌ಗೆಂದು ಮನೆಯಲ್ಲಿ ಕುರಾನ್ ಓದುತ್ತಿದ್ದಾಗ, ಹೊಸ್ತಿಲಲ್ಲಿ ನಿಂತು ಕೇಳಿದೆ: "ಅಸ್ಮತ್, ಇನ್ನ ಸ್ವಲ್ಪ ಉಳದದ ಅಲ್ಲಾ, ನೀ ಮುಗಸ್ತೀ ಏನು?"

ಮುಗಿಸಿದೆ. ಅಬ್ಬಾನ ಕೊನೆಯ ಕೆಲಸವನ್ನು ಅರ್ಧಕ್ಕೆ ಬಿಡಲು ನನ್ನಿಂದಾಗಲಿಲ್ಲ. ದನಿ ನೀನು ಕೇಳಿದ್ದಕ್ಕಿಂತ ಚೆಂದ ಬಂದಿದೆ. ನಿನ್ನ ಹೊಟ್ಟೆ ಉರಿಯಲಿ ಎಂದೇ ಇದನ್ನು ಹೇಳುತ್ತಿದ್ದೇನೆ. ದೇವದುರ್ಗದ ಸಂತೆಯಲ್ಲಿ ಇಲಿ ಪಾಷಾಣ ಮಾರುವ ಮಾರೆಪ್ಪನಿಗೆ ಅದನ್ನು ಕೊಟ್ಟೆ. ಚಹಾದಂಗಡಿಯಿಂದ ವೈರ್ ಎಳೆದು, ಮೈಕ್ ಸಿಕ್ಕಿಸಿ, "ಇಲಿ, ಹೆಗ್ಗಣ, ತಗಣಿ, ಎಲ್ಲಾಕೂ ಒಂದ ಪುಡಿ" ಎಂದು ಕೂಗುತ್ತಾನೆ. ಜನ ನಿಂತು ಕೇಳುತ್ತಾರೆ.

ನಿನಗೆ ಕೊಡಬೇಡ ಎಂದು ನಾನು ಅವನಿಗೆ ಹೇಳಿಲ್ಲ. ನೀನು ಹೈದರಾಬಾದಿಗೆ ಹೋಗುವ ಮುಂಚೆ ಒಂದು ಸಂತೆ ಬರುತ್ತದೆ. ಹೋಗು. ಸಂತೆ ತುಂಬಿದ ಹೊತ್ತಿಗೆ ಅವನು ಮೈಕನ್ನು ನಿನ್ನ ಕೈಗೆ ಕೊಡುತ್ತಾನೆ. ಗುಲಾಮ್ ದಸ್ತಗೀರ್ ಬಿದ್ದಾಗ ನೀನು ಮೊದಲು ಎತ್ತಿದ್ದು ಏನು ಎಂದು ಒಂದೇ ಒಂದು ಸಲ ಹೇಳು. ಹೇಳಿದರೆ ಮಾರೆಪ್ಪನೇ ಮಷೀನನ್ನು ಹೊತ್ತು ತಂದು ಬಸ್ಸಿಗೆ ಹಾಕುತ್ತಾನೆ. ನಿಮ್ಮ ಮಿಲ್ಲಿಗೆ ಭತ್ತ ಹಾಕುವ ಊರುಗಳವರೆಲ್ಲ ಅಲ್ಲಿರುತ್ತಾರೆ.

ಅಲ್ಲಾಹ್ ನಿನಗೆ ದೀರ್ಘ ಆಯುಷ್ಯ ಕೊಡಲಿ. ನಿನ್ನ ಕಿವಿ ಕೊನೆಯ ತನಕ ಚುರುಕಾಗಿಯೇ ಇರಲಿ.

ನಿನಗೆ ಇನ್ನು ಏನೂ ಆಗದ,
ಅಸ್ಮತ್