ಮೂರಾದ ಮೇಲೆ ಐದು

ನಾಲ್ಕನೇ ನಂಬರಿನ ಅಣ್ಣನಿಗೆ, ಐದನೇ ನಂಬರಿನ ತಂಗಿ ಬರೆಯುವುದು.

ನಾವು ಮತ್ತೆ ಅಲ್ಲಿಗೆ ಹೋಗುತ್ತಿದ್ದೇವೆ. ನಾಳೆ ಬೆಳಿಗ್ಗೆ ಆರೂವರೆಗೆ ಹೊರಡುವುದು ಎಂದು ಅಕ್ಕ ತೀರ್ಮಾನಿಸಿದ್ದಾಳೆ, ಅಂದರೆ ಏಳೂವರೆಗೆ ವ್ಯಾನು ಗೇಟು ದಾಟಬಹುದು. ಅದೇ ಸರೋವರದ ದಂಡೆಯ ರಸ್ತೆ, ಅದೇ ದ್ರಾಕ್ಷಿ ತೋಟಗಳು, ಬೆಟ್ಟದ ಬುಡದಲ್ಲಿ ಅದೇ ವೈನ್ ನೆಲಮಾಳಿಗೆ. ನೀನು ಕಾಣೆಯಾದ ಜಾಗ. ಮೂವತ್ತೆರಡು ವರ್ಷ ನಮ್ಮ ಮನೆಯಲ್ಲಿ ಆ ಸರೋವರದ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಈಗ ಮೂರು ವಾರದಿಂದ ಊಟದ ಮೇಜಿನ ತುಂಬ ಅದರ ನಕ್ಷೆ ಹಾಸಿದೆ, ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ.

ಹೊರಡಿಸಿದವಳು ಅಮ್ಮ. ಅವಳ ಕಣ್ಣು ಇನ್ನೊಂದು ವರ್ಷ ಬಂದರೆ ಹೆಚ್ಚು ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಪೂರ್ತಿ ಕತ್ತಲಾಗೋ ಮುಂಚೆ ಆ ನೀರು ಒಂದ್ಸಲ ನೋಡ್ಬೇಕು ಕಣ್ರೇ" ಅಂದಳು. ಆಸ್ಪತ್ರೆಯಲ್ಲಿ ನಲವತ್ತು ರೋಗಿಗಳನ್ನು ಒಂದೇ ಗದರಿಕೆಯಲ್ಲಿ ಮಲಗಿಸುವ ನರ್ಸಮ್ಮ ನಮ್ಮ ಅಕ್ಕ, ಅಮ್ಮನ ಮುಂದೆ ಅವಳ ಆಟ ನಡೆಯಲಿಲ್ಲ. ಅಪ್ಪ ಅಟ್ಟ ಹತ್ತಿ ಹಳೆಯ ನಕ್ಷೆಯನ್ನು ಇಳಿಸಿಕೊಂಡು ಬಂದರು. ನೀನು ಪೆನ್ಸಿಲಿನಲ್ಲಿ ದಾರಿ ಗೀಚಿದ್ದೆಯಲ್ಲ, ಅದೇ ನಕ್ಷೆ. ಗೀಟು ನೆಲಮಾಳಿಗೆಯ ಹತ್ತಿರ ನಿಂತಿದೆ.

ಆಗ ನಿನಗೆ ಹನ್ನೊಂದು, ನನಗೆ ಎಂಟು. ಈಗ ನನಗೆ ನಲವತ್ತು. ನಿನಗೆ ಎಷ್ಟೆಂದು ಬರೆಯಲಿ?

ನಾನೇನು ಮಾಡಿಕೊಂಡಿದ್ದೇನೆ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುವ ಕೆಲಸ. ಯಾವ ಬಸ್ಸು ಎಲ್ಲಿಂದ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವವಳು ನಾನೇ. ನನ್ನ ಮಾತು ನಂಬಿ ದಿನಕ್ಕೆ ಸಾವಿರಾರು ಜನ ಬಸ್ಸು ಹತ್ತುತ್ತಾರೆ, ಪಾಪ.

ಅಪ್ಪನ ಲೆಕ್ಕ ಮರೆತಿಲ್ಲ ತಾನೇ? ಪ್ರವಾಸಿ ವ್ಯಾನು ಓಡಿಸುತ್ತಿದ್ದ ಅವರು ಒಬ್ಬರನ್ನೂ ಎಲ್ಲೂ ಬಿಟ್ಟು ಬಂದವರಲ್ಲ ಎಂದು ಹೆಸರಾಗಿದ್ದರು. "ತಲೆ ಎಣಿಸ್ಬಾರ್ದು, ಬಾಯಿ ಎಣಿಸ್ಬೇಕು. ಕಣ್ಣು ಒಂದೇ ತಲೆನ ಎರಡು ಸಲ ನೋಡ್ಬಿಡುತ್ತೆ, ಬಾಯಿ ಸುಳ್ಳು ಹೇಳಲ್ಲ" ಅನ್ನುತ್ತಿದ್ದರು. ಮನೆಯವರಿಗೂ ಅದೇ ಕಾನೂನು. ಎಲ್ಲಿ ನಿಂತರೂ, ಹೊರಡುವ ಮುಂಚೆ, ಹಿಂದಕ್ಕೆ ತಿರುಗದೆ "ಲೆಕ್ಕ!" ಎಂದು ಕೂಗುವುದು. ಅಪ್ಪ ಒಂದು, ಅಮ್ಮ ಎರಡು, ಅಕ್ಕ ಮೂರು, ನೀನು ನಾಲ್ಕು, ನಾನು ಐದು. ಐದು ಕಿವಿಗೆ ಬಿದ್ದ ಕೂಡಲೇ ಗೇರು ಬೀಳುತ್ತಿತ್ತು.

ಅಕ್ಕನ ಮಗಳು ಗುಬ್ಬಿಗೆ ಈಗ ಹತ್ತು ವರ್ಷ. ಈ ಪ್ರವಾಸಕ್ಕೆ ತನಗೂ ನಂಬರು ಬೇಕೆಂದು ಹಟ ಹಿಡಿದಳು. "ಅಜ್ಜ, ನಾಲ್ಕು ಖಾಲಿ ಇದೆಯಲ್ಲ, ಅದನ್ನೇ ಕೊಡು" ಅಂದಳು. ಅಪ್ಪ ನಕ್ಷೆಯಿಂದ ತಲೆ ಎತ್ತದೆ, "ಅದು ಖಾಲಿ ಇಲ್ಲ ಪುಟ್ಟ. ನಿನ್ನದು ಆರು" ಅಂದರು.

ಅಲ್ಲಿಂದ ಶುರುವಾಯಿತು. ನೆಲಮಾಳಿಗೆ ತೋರಿಸುವವರು "ಆರು ಜನರಿಗೆ ಜಾಗ ಕಾದಿರಿಸಿದ್ದೇವೆ" ಎಂದು ಸಂದೇಶ ಕಳಿಸಿದರು. ನಾವು ಹೋಗುವುದು ಐದೇ ಜನ. ನಂಬರು ಆರರವರೆಗೆ ಇರುವುದರಿಂದ ಅಕ್ಕನೇ ತಪ್ಪಿ ಆರು ಬರೆದಿದ್ದಳು ಎಂದು ನಕ್ಕೆವು. ಅವಳು ಫೋನು ಮಾಡಿ ಐದು ಎಂದು ಬಿಡಿಸಿ ಹೇಳಿದಳು. "ಆಯ್ತಮ್ಮ, ಆರು ಜನ" ಎಂದು ಉತ್ತರ ಬಂತು. ದಂಡೆಯ ಹೋಟೆಲಿನವರೂ ಆರು ಹಾಸಿಗೆ ಎಂದರು. ಮೂರನೇ ಸಲ ಅಕ್ಕ ಬೈಯಲೂ ಇಲ್ಲ, ಫೋನನ್ನು ಮಗುಚಿಟ್ಟು ಅಡುಗೆ ಮನೆಗೆ ಹೋದಳು.

ಕಳೆದ ಭಾನುವಾರ ಮಧ್ಯಾಹ್ನ ಅಪ್ಪ, ಅಭ್ಯಾಸ ತಪ್ಪಿದೆ, ಒಮ್ಮೆ ಲೆಕ್ಕ ಹೇಳಿ ನೋಡೋಣ ಎಂದರು. ಕುರ್ಚಿಗಳನ್ನು ವ್ಯಾನಿನ ಸೀಟುಗಳಂತೆ ಜೋಡಿಸಿಕೊಂಡೆವು. ನನ್ನ ಪಕ್ಕದ ಕುರ್ಚಿಯನ್ನು ಖಾಲಿ ಬಿಟ್ಟೆವು, ಯಾರೂ ಹೇಳಲಿಲ್ಲ, ತಾನಾಗಿಯೇ ಹಾಗಾಯಿತು. ಗುಬ್ಬಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಅಪ್ಪ ನಮಗೆ ಬೆನ್ನು ಹಾಕಿ ಕೂತು "ಲೆಕ್ಕ!" ಎಂದು ಕೂಗಿ, ತಾವೇ ಒಂದು ಎಂದರು. ಅಮ್ಮ ಎರಡು. ಅಕ್ಕ ಮೂರು.

ನಾಲ್ಕು.

ಅಕ್ಕ ಸರ್ರನೆ ತಿರುಗಿದಳು. "ತಮಾಷೆಗೂ ಒಂದು ಮಿತಿ ಬೇಡ್ವೇನೇ?" ಎಲ್ಲರ ಮಿಮಿಕ್ರಿ ಮಾಡುವವಳು ನಾನು ತಾನೆ, ಹೆಸರು ಕೆಟ್ಟಿದೆ. ಆದರೆ ನನ್ನ ಬಾಯಿ ತುಂಬ ನೀರಿತ್ತು ಅಣ್ಣ. ಲೋಟ ಇನ್ನೂ ಕೈಯಲ್ಲೇ ಇತ್ತು. ಉಬ್ಬಿದ ಕೆನ್ನೆಯನ್ನು ಬೆರಳಿನಿಂದ ತೋರಿಸಿದೆ. "ಚಿಕ್ಕಮ್ಮ ಅಲ್ಲ, ಆ ಕುರ್ಚಿಯಿಂದ ಬಂತು" ಎಂದು ಗುಬ್ಬಿ ಸಹಜವಾಗಿ ಹೇಳಿದಳು. ಅಮ್ಮ ಮಾತ್ರ ಮುಖವನ್ನು ಖಾಲಿ ಕುರ್ಚಿಯ ಕಡೆ ತಿರುಗಿಸಿ, "ಗಂಟಲು ಕಟ್ಟಿದೆ ಪಾಪ ಅವನಿಗೆ" ಅಂದಳು.

ರೆಕಾರ್ಡನ್ನು ಹಾಕಿ ಕೇಳಿದೆವು. ಅಪ್ಪ ಫೋನನ್ನು ಕಿವಿಗೊತ್ತಿಕೊಂಡು ಏಳೆಂಟು ಸಲ ಕೇಳಿದರು. ಎಪ್ಪತ್ತಾರು ವರ್ಷದ ಆ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. "ಇದೇ! ಅವತ್ತು ನಾನು ಕೇಳಿದ್ದು ಇದೇ! ನನ್ನ ಕಿವಿ ಸುಳ್ಳಲ್ಲ. ಅವನು ಗಾಡೀಲೇ ಇದ್ದ ಕಣ್ರೋ, ಈಗ್ಲೂ ಇದಾನೆ" ಎಂದು ಗಳಗಳನೆ ಅತ್ತರು. ನೀನು ಕಾಣೆಯಾದ ದಿನ ಪೊಲೀಸರ ಮುಂದೆ ಅವರು, ನಾಲ್ಕು ಕೇಳಿಸಿತ್ತು ಎಂದು ಹೇಳಿ ಹೇಳಿ ಸೋತಿದ್ದರು. ದಿನಾ ಕೇಳಿ ಅಭ್ಯಾಸ, ಹಾಗನ್ನಿಸುತ್ತೆ ಬಿಡಿ ಎಂದು ಪೊಲೀಸರು ಬೆನ್ನು ತಟ್ಟಿ ಕಳಿಸಿದ್ದರು. ಆಮೇಲೆ ಅಪ್ಪ ಸ್ಟೀರಿಂಗ್ ಮುಟ್ಟಲಿಲ್ಲ. ಟೈರು ಗೋದಾಮಿನಲ್ಲಿ ಕೂತು ವಯಸ್ಸು ಕಳೆದರು. ನನ್ನ ಕಿವಿಯನ್ನು ನಂಬಿ ಮಗನನ್ನು ಕಳೆದುಕೊಂಡೆ ಎಂದು ಎಷ್ಟು ಸಲ ಅಂದಿದ್ದಾರೋ ಲೆಕ್ಕವಿಲ್ಲ. ಅವರು ಹಾಗಂದಾಗಲೆಲ್ಲ ನಾನು ಏನಾದರೂ ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ನನ್ನದು ಅದೇ ಕತೆ.

ನಾನೂ ರೆಕಾರ್ಡು ಕೇಳಿದೆ. ಧ್ವನಿಯಲ್ಲೇ ಅನ್ನ ಸಂಪಾದಿಸುವವಳು, ನನ್ನ ಕಿವಿ ಮೋಸ ಹೋಗುವುದಿಲ್ಲ. ಅದು ನಿನ್ನ ಧ್ವನಿಯಲ್ಲ ಅಣ್ಣ. ಕೊನೆಯಲ್ಲಿ ಮೂಗಿನೊಳಗೆ ತಡೆದುಕೊಂಡ ಒಂದು ಸಣ್ಣ ನಗುವಿದೆ. ಗದ್ದವನ್ನು ಎದೆಗೊತ್ತಿಕೊಂಡು, ಗಂಟಲು ದಪ್ಪ ಮಾಡಿಕೊಂಡು, ನಿನ್ನ ಹಾಗೆ ಮಾಡಲು ಹೋಗಿ ನಗು ತಡೆಯಲಾರದೆ ಹೋದ ಎಂಟು ವರ್ಷದ ಹುಡುಗಿಯ ಧ್ವನಿ ಅದು. ನನ್ನದು.

ಆ ದಿನ ಕೊಯ್ಲಿನ ಕಾಲ, ದಾರಿಯುದ್ದಕ್ಕೂ ಹುಳಿ ಬಂದ ಹಣ್ಣಿನ ವಾಸನೆ. ಪೀಪಾಯಿ ನೋಡಿಕೊಳ್ಳುವವನು, "ಕಿವಿ ಇಟ್ಟು ಕೇಳಿ ಮಕ್ಕಳೇ, ಒಳಗೆ ರಸ ಮಾತಾಡುತ್ತೆ" ಅಂದಿದ್ದ. ನನಗೆ ಬರೀ ಬುಸುಬುಸು ಕೇಳಿಸಿತು. ನೀನು ಮಾತ್ರ ಪೀಪಾಯಿಯಿಂದ ಕಿವಿ ತೆಗೆಯಲೇ ಇಲ್ಲ, ಅಕ್ಕ ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು. ವ್ಯಾನಿನ ಹಿಂದಿನ ಸೀಟಿನಲ್ಲಿ, ಚೀಲಗಳ ಮರೆಯಲ್ಲಿ, ನೀನು ಪಿಸುಗುಟ್ಟಿದ್ದು ಇವತ್ತಿಗೂ ಕಿವಿಯಲ್ಲಿದೆ. "ಅದು ಮಾತಲ್ಲ ಕಣೇ, ಎಣಿಸ್ತಿದೆ. ಎಲ್ಲೀವರೆಗೆ ಎಣಿಸುತ್ತೆ ಅಂತ ಕೇಳ್ಕೊಂಡು ಬಂದ್ಬಿಡ್ತೀನಿ. ಅಪ್ಪ ಲೆಕ್ಕ ಕೇಳಿದ್ರೆ ನನ್ನದೂ ನೀನೇ ಹೇಳ್ಬಿಡು." ಹಿಂದಿನ ಬಾಗಿಲನ್ನು ಸದ್ದಾಗದಂತೆ ತೆರೆದು ನೀನು ಇಳಿದೆ.

ನಾನು ನಾಲ್ಕೂ ಹೇಳಿದೆ, ಐದೂ ಹೇಳಿದೆ. ಗೇರು ಬಿತ್ತು. ಮೊದಲ ಕಿಲೋಮೀಟರು ನಗು. ಎರಡನೆಯದರಲ್ಲಿ ಹಿಂದಿನ ಗಾಜಿನಲ್ಲಿ ನೋಡಿದೆ, ನೀನು ಓಡಿ ಬರುತ್ತಿರಲಿಲ್ಲ. ಆಮೇಲೆ ಹೆದರಿಕೆ. ಹೇಳಿದರೆ ಏಟು ಬೀಳುತ್ತದೆ, ಇನ್ನೊಂದು ತಿರುವಿನಲ್ಲಿ ಹೇಳೋಣ, ಅದರ ಮುಂದಿನದರಲ್ಲಿ ಹೇಳೋಣ ಎಂದುಕೊಂಡು ಹನ್ನೆರಡು ಕಿಲೋಮೀಟರು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಪೆಟ್ರೋಲ್ ಬಂಕಿನಲ್ಲಿ, ಆಗ ತಾನೇ ನೋಡಿದವಳ ಹಾಗೆ, "ಅಯ್ಯೋ, ಅಣ್ಣ ಇಲ್ಲ" ಅಂದೆ. ತಿರುಗಿ ಹೋದರೆ ಪೀಪಾಯಿಯವನು ಯಾರೂ ಮೆಟ್ಟಿಲಿಳಿದು ಬರಲಿಲ್ಲ ಎಂದು ಆಣೆ ಮಾಡಿದ. ತೋಟದ ಸಾಲು ಸಾಲು ಹುಡುಕಿದರು, ಸರೋವರಕ್ಕೆ ಬಲೆ ಬೀಸಿದರು. ನಿನ್ನ ಒಂದು ಗುಂಡಿಯೂ ಸಿಗಲಿಲ್ಲ.

ಭಾನುವಾರವೇ ಇದನ್ನು ಅಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ವರ್ಷದ ಮೇಲೆ ಅವರು ನಗುತ್ತಿದ್ದಾರೆ, ಹಾಳು ಮಾಡುವುದೇಕೆ ಎಂದು ನನಗೆ ನಾನೇ ಬೆಣ್ಣೆ ಹಚ್ಚಿಕೊಂಡೆ. ನಿಜವಾದ ಕಾರಣ ಹಳೆಯದೇ, ಹೆದರಿಕೆ.

ಇವತ್ತು ಸಂಜೆ ಚೀಲಗಳನ್ನು ತುಂಬುತ್ತಿದ್ದೆವು. ಅಮ್ಮ, ಅಕ್ಕ, ಗುಬ್ಬಿ ವ್ಯಾನಿನೊಳಗಿದ್ದರು. ನಾನು ಗೇಟಿನ ಹೊರಗೆ ನೀರಿನ ಕ್ಯಾನು ಹಿಡಿದು ನಿಂತಿದ್ದೆ. ಪೆಟ್ರೋಲ್ ತುಂಬಿಸಿಕೊಂಡು ಬರೋಣವೆಂದು ಅಕ್ಕ ಇಂಜಿನ್ ಶುರು ಮಾಡಿದಳು. ಪಕ್ಕದ ಸೀಟಿನಲ್ಲಿ ಅಪ್ಪ ರಾಜನ ಹಾಗೆ ಕೂತು "ಲೆಕ್ಕ!" ಅಂದರು. ಒಂದು, ಎರಡು, ಮೂರು, ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಆ ಗಂಟಲು ಕಟ್ಟಿದ ನಾಲ್ಕೂ ಕೇಳಿಸಿತು. ಅದರ ಹಿಂದೆಯೇ, ಚೀಲಗಳ ಮರೆಯಿಂದ, ಸ್ಪಷ್ಟವಾಗಿ, ಬಸ್ ನಿಲ್ದಾಣದಲ್ಲಿ ಇಡೀ ಊರು ಕೇಳುವ ನನ್ನದೇ ಧ್ವನಿಯಲ್ಲಿ, ಐದು.

ವ್ಯಾನು ಹೊರಟಿತು. ನಾನು ಕೂಗಲು ಬಾಯಿ ತೆರೆದರೆ ಗಂಟಲಿನಿಂದ ಏನೂ ಬರಲಿಲ್ಲ. ಯಾರೋ ನನ್ನ ಧ್ವನಿಯನ್ನು ಎರವಲು ಒಯ್ದಿದ್ದರು. ನಾಲ್ಕನೇ ಮನೆ ದಾಟುವಷ್ಟರಲ್ಲಿ ಗುಬ್ಬಿ ತನ್ನ ಆರು ಹೇಳುವುದನ್ನು ಬಿಟ್ಟು ಪಕ್ಕಕ್ಕೆ ನೋಡಿ, "ಚಿಕ್ಕಮ್ಮ ಇಲ್ಲೇ ಇಲ್ಲ!" ಎಂದು ಕಿರುಚಿದಳು. ಬ್ರೇಕು ಬಿತ್ತು. ಅಷ್ಟರಲ್ಲೇ ನನಗೆ ಗೊತ್ತಾಯಿತು ಅಣ್ಣ, ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ವ್ಯಾನಿನ ಹಿಂದಿನ ದೀಪ ಸಣ್ಣದಾಗುವುದನ್ನು ನೋಡುವುದು ಹೇಗಿರುತ್ತದೆ ಎಂದು.

ಓಡಿ ಹೋಗಿ ಸೇರುವಷ್ಟರಲ್ಲಿ ಧ್ವನಿ ಮರಳಿತ್ತು. ಅಲ್ಲೇ ರಸ್ತೆಯಲ್ಲಿ, ಕಿಟಕಿ ಹಿಡಿದುಕೊಂಡು, ಅಪ್ಪನಿಗೆ ಎಲ್ಲ ಹೇಳಿದೆ. ಅಕ್ಕ ಸ್ಟೀರಿಂಗಿನ ಮೇಲೆ ತಲೆಯಿಟ್ಟಳು. ಅಮ್ಮ ಗುಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಪ್ಪ ಬಹಳ ಹೊತ್ತು ಕನ್ನಡಿಯನ್ನು ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

"ಹನ್ನೆರಡು ಕಿಲೋಮೀಟರ್ ಸುಮ್ನೆ ಕೂತಿದ್ಯಾ?"

ಹೂಂ ಅಂದೆ.

"ಎಂಟು ವರ್ಷದ ಕೂಸು ಅಂತ ಅದನ್ನ ಬಿಡಬಹುದು. ಮೂವತ್ತೆರಡು ವರ್ಷ ಕೂತಿದ್ದನ್ನ ಏನಂತ ಬಿಡ್ಲಿ?" ಅಂದರು. ಆಮೇಲೆ ಅವರ ಮುಖದ ಬಣ್ಣ ಬದಲಾಯಿತು. ಚೀಲಗಳ ಕಡೆ ನೋಡದೆಯೇ ಕೇಳಿದರು. "ಹಾಗಾದ್ರೆ ಈಗ ಐದು ಅಂದಿದ್ದು ಯಾರು?"

ಚೀಲಗಳನ್ನೆಲ್ಲ ಇಳಿಸಿ ನೋಡಿದೆವು. ಹಿಂದಿನ ಸೀಟಿನ ಬಟ್ಟೆಯಿಂದ ಹುಳಿ ಬಂದ ಹಣ್ಣಿನ ವಾಸನೆ ಬರುತ್ತಿತ್ತು, ಇನ್ನೇನೂ ಇರಲಿಲ್ಲ. ಪ್ರವಾಸ ಬೇಡವೆಂದು ಅಕ್ಕ ಅಂದಳು. "ಬೇಡ ಅಂದ್ರೆ ಅವನು ಇನ್ನೂ ಎಷ್ಟು ವರ್ಷ ಎಣಿಸ್ಬೇಕು?" ಎಂದಳು ಅಮ್ಮ. ಕೊನೆಗೆ ಅಪ್ಪ ಹೇಳಿದರು: "ಹೋಗೋಣ. ಆದರೆ ನಾಳೆಯಿಂದ ಲೆಕ್ಕ ಇಲ್ಲ. ಪ್ರತಿ ಸಲ ನಾನೇ ಇಳಿದು, ಹಿಂದೆ ಬಂದು, ಒಬ್ಬೊಬ್ಬರ ಮುಖ ಮುಟ್ಟಿ ನೋಡ್ತೀನಿ." ನನ್ನ ಮುಖವನ್ನೂ ಮುಟ್ಟುತ್ತಾರೋ ಇಲ್ಲವೋ ತಿಳಿಯದು. ಮುಟ್ಟಲಿ ಎಂದು ಆಸೆ.

ಈ ಕಾಗದವನ್ನು ಮಡಚಿ ನಿನ್ನ ಸೀಟಿನ ಮೇಲೆ ಇಡುತ್ತೇನೆ. ನೆಲಮಾಳಿಗೆ ಬಂದಾಗ ಮೆಟ್ಟಿಲಿಳಿದು ಆ ಪೀಪಾಯಿಗೆ ಕಿವಿ ಇಡುವವಳು ನಾನೇ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ನಾನು ಮೇಲೆ ಬರುವವರೆಗೆ ನನ್ನ ನಂಬರನ್ನು ನೀನು ಹೇಳಬೇಡ ಅಣ್ಣ. ನಿನ್ನದನ್ನು ನಾನು ಹೇಳಿದ್ದಕ್ಕೆ ಸಾಟಿಯಾಗಿ ಹೇಳುತ್ತಿದ್ದೀಯೋ, ಅಲ್ಲಿ ಒಬ್ಬನೇ ಇದ್ದು ಬೇಜಾರಾಗಿ ಹೇಳುತ್ತಿದ್ದೀಯೋ ನನಗೆ ಗೊತ್ತಿಲ್ಲ. ಬರುವುದಾದರೆ ನಿನ್ನ ಸ್ವಂತ ಧ್ವನಿಯಲ್ಲಿ ಬಾ. ನನ್ನ ಕಳ್ಳ ಧ್ವನಿಯನ್ನು ಅಲ್ಲೇ ಬಿಟ್ಟು ಬಾ. ಅಪ್ಪ ಹಿಂದೆ ಬಂದು ಕೈ ಚಾಚಿದಾಗ, ಮುಟ್ಟಲು ಅಲ್ಲೊಂದು ಮುಖವಿರಲಿ.

ನೀನು ಎಲ್ಲೇ ಇರು, ಇನ್ನು ಮೇಲೆ ಯಾವ ಗಾಡಿಯೂ ನಿನ್ನನ್ನು ಬಿಟ್ಟು ಹೊರಡದಿರಲಿ.

ನಿನ್ನ ತಂಗಿ,
ಐದು
(ಇದನ್ನು ನಾನೇ ಬರೆದದ್ದು)