ಮುಚ್ಚಳಕ್ಕೆ ಎಂಟು ಅಂಕ ಕೊಟ್ಟವರಿಗೆ

ತೈಲ ಶೋಧನಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ಸಮುದ್ರದಡಿ ತಾವು ಕೊರೆಸಿದ ಬಾವಿಯಲ್ಲಿ ಎಣ್ಣೆಯ ಬದಲು ಉಪ್ಪುನೀರು ಬಂತು. ಅದಕ್ಕೆ ನೋಟಿಸು ನನ್ನ ಹೆಂಡತಿ ಮಾನಸಳಿಗೆ ಬಂತು. “ಅಪಾಯದ ಅಂದಾಜಿನಲ್ಲಿ ಗಂಭೀರ ಲೋಪ” ಎಂದಿದ್ದೀರಿ. ಲೋಪವಾದದ್ದು ನಿಜ. ಅದು ಯಾರದ್ದೆಂಬುದರಲ್ಲಿ ಮಾತ್ರ ನನಗೂ ತಮಗೂ ಸಣ್ಣ ಭಿನ್ನಾಭಿಪ್ರಾಯ.

ನಾನು ಔಷಧ ಕಾರ್ಖಾನೆಯ ನೌಕರ. ನನ್ನ ಭೂವಿಜ್ಞಾನವೆಲ್ಲ ಊಟದ ಹೊತ್ತಿನಲ್ಲಿ ಹೆಂಡತಿಯಿಂದ ಕಲಿತದ್ದು. ಕೆಳಗೆಲ್ಲೋ ಎಣ್ಣೆ ಹುಟ್ಟಿರಬೇಕು, ಅದು ತುಂಬಿಕೊಳ್ಳಲು ಮರಳುಗಲ್ಲು ಬೇಕು, ಸೋರಿಹೋಗದಂತೆ ಮೇಲೊಂದು ಗಟ್ಟಿ ಕಲ್ಲಿನ ಮುಚ್ಚಳ ಬೇಕು. ಒಂದು ಕೈಕೊಟ್ಟರೂ ಉಳಿದೆರಡಕ್ಕೆ ಬೆಲೆಯಿಲ್ಲ. ವಿಶಾಖಪಟ್ಟಣದ ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂತು ಭೂಗರ್ಭದ ನಕ್ಷೆಗಳನ್ನು ನೋಡಿದ ಮಾನಸ ಆ ಮುಚ್ಚಳಕ್ಕೆ ಹತ್ತಕ್ಕೆ ಮೂರು ಕೊಟ್ಟಿದ್ದಳು.

ವಿಜಯವಾಡದ ಸಭೆ ಮುಗಿಸಿ ತಾವೆಲ್ಲ ಅಲ್ಲಿನ ಇಂದ್ರಕೀಲಾದ್ರಿ ಬೆಟ್ಟ ಹತ್ತಿದಿರಿ. ಪ್ರತಿ ಬಾವಿಗೂ ಮುನ್ನ ದುರ್ಗಮ್ಮನ ದರ್ಶನ ತಮ್ಮ ವಿಭಾಗದ ಪದ್ಧತಿ, ಒಳ್ಳೆಯ ಪದ್ಧತಿಯೇ. ರಜೆ ಹಾಕಿ ನಾನೂ ಬಂದಿದ್ದೆ. ಸರದಿಯಲ್ಲಿ ತಮ್ಮ ಬೆನ್ನ ಹಿಂದೆಯೇ ನಿಂತಿದ್ದೆ. ತುಮಕೂರಿನವರಾದ ತಾವು ಪಕ್ಕದಲ್ಲಿದ್ದ ಮಾನಸಳೊಂದಿಗೆ ಅಚ್ಚಗನ್ನಡದಲ್ಲೇ ಮಾತಾಡಿದಿರಿ.

“ಏನಮ್ಮಾ, ಮೂರು ಅಂದ್ರೆ ಮೇಲಿನವರು ಒಪ್ತಾರಾ? ಎಂಟು ಮಾಡು.”

“ಸರ್, ಕಲ್ಲು ಬಿರುಕು ಬಿಟ್ಟಿದೆ. ಎಣ್ಣೆ ಯಾವತ್ತೋ ಸೋರಿ ಹೋಗಿರುತ್ತೆ.”

“ಬಿರುಕನ್ನ ಅಮ್ಮನೋರು ನೋಡ್ಕೋತಾರೆ. ನೀನು ಧಾರಾಳವಾಗಿ ಬರಿ.”

ಅವಳು ಬರೆಯಲಿಲ್ಲ. “ಸಮಿತಿಯ ಒಮ್ಮತ” ಎಂದು ತಾವೇ ಎಂಟು ಬರೆಸಿದಿರಿ. ತರಕಾರಿಯವಳು ಕೊಸರು ಹಾಕುವಾಗಲೂ ತನ್ನ ಬುಟ್ಟಿಯಿಂದಲೇ ಹಾಕುತ್ತಾಳೆ ಸ್ವಾಮಿ. ಮೂರರ ಮೇಲೆ ಐದು ಕೊಸರನ್ನು ತಾವು ಯಾರ ಬುಟ್ಟಿಯಿಂದ ತೆಗೆದಿರಿ? ಹೊಣೆ ಅಮ್ಮನವರದ್ದೇ ಆಗಿದ್ದರೆ ನೋಟಿಸು ಬೆಟ್ಟಕ್ಕೆ ಹೋಗಬೇಕಿತ್ತಲ್ಲವೇ? ವಿಶಾಖಪಟ್ಟಣದ ಕಚೇರಿಯಲ್ಲಿ ಮಾನಸಳ ಮೇಜಿಗೆ ಏಕೆ ಬಂತು?

ಕೆಲಸ ಹೋದೀತೆಂಬ ಭಯ ನಮಗಿದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ನಿಜಕ್ಕೂ ಹೆದರಿದ್ದು ನಿನ್ನೆ. ಮುಂದಿನ ಬಾವಿಯ ಅಂದಾಜೂ ಅವಳದ್ದೇ ಅಂತೆ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿದಳು, “ರೀ, ಈ ಸಲ ನಾನೇ ಮೊದಲೇ ಎಂಟು ಅಂತ ಹಾಕಿಬಿಡ್ಲಾ?” ತಮಗೆ ಬೇಕಾದ ಭೂವಿಜ್ಞಾನಿ ಕೊನೆಗೂ ತಯಾರಾಗುತ್ತಿದ್ದಾಳೆ.

ನೋಟಿಸು ಹಿಂಪಡೆಯಿರಿ. ವರದಿಯಲ್ಲಿ ಅವಳ ಮೂರನ್ನು ಅವಳ ಹೆಸರಿನ ಮುಂದೆ ಬರೆಯಿಸಿ, ಎಂಟನ್ನು ತಮ್ಮ ಹೆಸರಿನ ಮುಂದೆ. ಅವಳು ಆ ಹೊಸ ಎಂಟನ್ನು ಬರೆಯುವ ಮೊದಲೇ ಇದಾಗಲಿ.

ಇಂತಿ,
ಅಂದು ಬೆಟ್ಟ ಇಳಿಯುವಾಗ ತಮ್ಮ ಲಡ್ಡುವಿನ ಚೀಲ ಹೊತ್ತಿದ್ದ
ಸುಮಂತ್, ಪೆಂದುರ್ತಿ, ವಿಶಾಖಪಟ್ಟಣ